ಮನೆಮಂದಿಗೆಲ್ಲ ಒಂದೊಂದು ತೊಂದರೆ: ಸೀಲಿಯಾಕ್ ಇರಬಹುದಾ ಅಂತ ನೋಡುವುದು ಹೇಗೆ?

ಸೀಲಿಯಾಕ್ ಅಂದರೆ ಗೋಧಿಯಂಥ ಧಾನ್ಯ ತಿಂದಾಗ ದೇಹವೇ ತನ್ನ ಕರುಳನ್ನು ಹಾಳುಮಾಡಿಕೊಳ್ಳುವ ಕಾಯಿಲೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಓದಿ ಅನುಮಾನ ಬಂತು ಅಂತ ಇವತ್ತೇ ಚಪಾತಿ ಬಿಡಬೇಡಿ. ರಕ್ತ ಪರೀಕ್ಷೆ ಮುಗಿಯುವವರೆಗೆ ಎಂದಿನಂತೆಯೇ ತಿನ್ನುತ್ತಿರಿ. ಯಾಕೆ ಅಂತ ಮುಂದೆ ಬರೆದಿದ್ದೇನೆ. ಅರ್ಧ ಓದಿ ಬಿಡುವವರಿಗೂ ಇದೊಂದು ತಿಳಿದಿರಲಿ ಅಂತ ಮೇಲೇ ಹಾಕಿದೆ.

ನಮ್ಮ ಮನೆಯ ಕಥೆ ಸ್ವಲ್ಪದರಲ್ಲಿ ಹೇಳುತ್ತೇನೆ, ಆಗ ಮುಂದಿನದು ಅರ್ಥವಾಗುವುದು ಸುಲಭ. ಅಮ್ಮ ಮತ್ತು ನಾನು ಧಾರವಾಡದಲ್ಲಿದ್ದೇವೆ, ತಮ್ಮ ಬೆಂಗಳೂರಿನಲ್ಲಿ, ಅಕ್ಕ ಮತ್ತು ಭಾವ ಗುರುಗ್ರಾಮದಲ್ಲಿ. ಅಕ್ಕನ ಮಗಳು ಪುಟ್ಟಿಗೆ ಆಗ ಒಂಬತ್ತು ವರ್ಷ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ, ಮುಖ ಬಿಳಿಚು, ಹೊಟ್ಟೆ ಮಾತ್ರ ಮುಂದೆ. ಐರನ್ ಸಿರಪ್ ಎರಡು ವರ್ಷ ಕುಡಿಸಿದರೂ ಹಿಮೋಗ್ಲೋಬಿನ್ 8ರ ಮೇಲೆ ಹೋಗಲೇ ಇಲ್ಲ. ರಜೆಗೆ ಊರಿಗೆ ಬಂದಾಗ ಇಲ್ಲಿ ತೋರಿಸಿದ್ದೆವು. ಮಗು ಸರಿಯಾಗಿ ಊಟ ಮಾಡುವುದಿಲ್ಲ, ಸೊಪ್ಪು ತಿನ್ನಿಸಿ ಅಂದರು. ಕೊನೆಗೆ ಅಲ್ಲಿನ ಮಕ್ಕಳ ಡಾಕ್ಟರ್ ಒಬ್ಬರು ಬೆಳವಣಿಗೆಯ ಚಾರ್ಟ್ ನೋಡಿದ ಕೂಡಲೇ ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಸೀಲಿಯಾಕ್ ಅಂತ ಬಂತು.

ಆಮೇಲೆ ಶುರುವಾಯಿತು ನೋಡಿ. ಇದು ಮನೆತನದಲ್ಲಿ ಬರುವಂಥದ್ದು ಅಂದ ಕೂಡಲೇ ನಮ್ಮೆಲ್ಲರ ತೊಂದರೆಗಳೂ ಅದರದ್ದೇ ಅನ್ನಿಸತೊಡಗಿತು. ಅಮ್ಮನ ಥೈರಾಯ್ಡ್, ಕೈಕಾಲು ಜುಮ್ಮು. ಅಕ್ಕನ ಬಾಯಿಹುಣ್ಣು, ಸುಸ್ತು, ಎರಡು ಸಲ ಮಗು ನಿಲ್ಲದೆ ಹೋಗಿದ್ದು. ತಮ್ಮನ ಹೊಟ್ಟೆ ಉಬ್ಬರ. ನನ್ನ ತಲೆನೋವು, ಕೂದಲು ಉದುರುವುದು. ಎಲ್ಲದಕ್ಕೂ ಒಂದೇ ಕಾರಣ ಸಿಕ್ಕಿತು ಅನ್ನುವುದರಲ್ಲಿ ಒಂಥರಾ ನೆಮ್ಮದಿ ಇರುತ್ತದೆ. ಆದರೆ ಪರೀಕ್ಷೆ ಮಾಡಿಸಿದ ಮೇಲೆ ತಿಳಿದದ್ದು ಬೇರೆಯೇ. ಕೆಲವರದು ಅದೇ, ಕೆಲವರದು ಅಲ್ಲವೇ ಅಲ್ಲ. ಅದನ್ನು ಬೇರ್ಪಡಿಸುವ ದಾರಿ ಹೇಗೆ ಅನ್ನುವುದೇ ಈ ಬರಹ.

ಇದು ಏನು ಕಾಯಿಲೆ

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಕಲಸಿದಾಗ ಜಿಗುಟಾಗಿ ಎಳೆದಷ್ಟೂ ಬರುತ್ತದಲ್ಲ, ಆ ಗುಣ ಇದರದ್ದೇ. ಸೀಲಿಯಾಕ್ ಇರುವವರ ದೇಹ ಗ್ಲುಟೆನ್ ಒಳಗೆ ಹೋದಾಗಲೆಲ್ಲ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಪುಟ್ಟ ಪುಟ್ಟ ಎಳೆಗಳಿಂದ ತುಂಬಿರುತ್ತದೆ. ಊಟದ ಸತ್ವ ಹೀರುವುದು ಆ ಎಳೆಗಳೇ. ದಾಳಿಯಲ್ಲಿ ಅವು ಸವೆದು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ.

ಇದು ಅಲರ್ಜಿ ಅಲ್ಲ, ಅಜೀರ್ಣವೂ ಅಲ್ಲ. ಹಾನಿ ಮೊದಲು ಆಗುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ. ಕಬ್ಬಿಣದ ಅಂಶ ಹೀರಲ್ಪಡುವುದೂ ಹೆಚ್ಚಾಗಿ ಅಲ್ಲೇ. ಅದಕ್ಕೇ ಹೊಟ್ಟೆಯ ತೊಂದರೆ ಒಂದೂ ಇಲ್ಲದೆ ಬರೀ ರಕ್ತಹೀನತೆ ಇಟ್ಟುಕೊಂಡು ವರ್ಷಗಟ್ಟಲೆ ಓಡಾಡುವವರು ಇದ್ದಾರೆ. ಪುಟ್ಟಿಗೆ ಬೇಧಿ ಆಗಿದ್ದು ತೀರಾ ಕಡಿಮೆ, ಮಲಬದ್ಧತೆಯೇ ಜಾಸ್ತಿ ಇತ್ತು. ಬೇಧಿ ಇಲ್ಲ ಅಂದಮೇಲೆ ಸೀಲಿಯಾಕ್ ಅಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ನಮ್ಮ ಕಡೆ ಇದು ಇದೆಯಾ?

ಇದೆ, ಆದರೆ ಅಪರೂಪ. 2016ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಬೇರೆ ಬೇರೆ ಪ್ರದೇಶದ ಜನರ ರಕ್ತ ಪರೀಕ್ಷೆ ಮಾಡಿದ್ದರು. ಸೀಲಿಯಾಕ್ ಸೂಚಿಸುವ ಆಂಟಿಬಾಡಿ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನ್) ಇದ್ದವರು ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ಆದರೆ ಈ ಕಾಯಿಲೆಗೆ ಬೇಕಾದ ಜೀನ್ ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು, ಸುಮಾರು ಮೂವರಲ್ಲಿ ಒಬ್ಬರಿಗೆ. ದೊಡ್ಡ ವ್ಯತ್ಯಾಸ ಕಂಡದ್ದು ಗೋಧಿಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದವರು 25 ಗ್ರಾಂ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಅನ್ನ, ಮುದ್ದೆ ತಿನ್ನುವ ಮನೆಯಲ್ಲಿ ಯಾರಿಗೋ ಗ್ಯಾಸ್ ಆಯಿತು ಅಂದರೆ ಮೊದಲು ಸೀಲಿಯಾಕ್ ಅಂದುಕೊಳ್ಳುವ ಅಗತ್ಯ ಇಲ್ಲ. ಎರಡು, ನಮಗೆ ಬರುವುದೇ ಇಲ್ಲ ಅಂತಲೂ ಅಲ್ಲ. ಜೀನ್ ನಮ್ಮಲ್ಲೂ ಇದೆ, ಮತ್ತು ನಮ್ಮ ಮಕ್ಕಳು ಈಗ ಬೆಳಿಗ್ಗೆ ಬ್ರೆಡ್ಡು, ಡಬ್ಬಿಗೆ ಚಪಾತಿ, ಸಂಜೆ ಬಿಸ್ಕತ್ತು ತಿಂದು ಬೆಳೆಯುತ್ತಿದ್ದಾರೆ. ದೆಹಲಿ, ಪಂಜಾಬ್ ಕಡೆ ನೆಲೆಸಿದ ಕನ್ನಡ ಮನೆಗಳಲ್ಲಿ ಎರಡು ಹೊತ್ತೂ ರೊಟ್ಟಿ ಅಂದರೆ ಗೋಧಿ ರೊಟ್ಟಿಯೇ. ಉತ್ತರ ಕರ್ನಾಟಕದಲ್ಲಿ ಜೋಳದ ಜೊತೆ ಗೋಧಿಯೂ ಮೊದಲಿಂದ ಇದೆ.

ಮೊದಲು ಒಂದು ಹಾಳೆ ಮಾಡಿ

ಡಾಕ್ಟರ ಹತ್ತಿರ ಹೋಗುವ ಮೊದಲು ಇದನ್ನು ಮಾಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಮನೆಯ ಒಬ್ಬೊಬ್ಬರ ಹೆಸರು ಬರೆದು, ಏನು ತೊಂದರೆ, ಯಾವಾಗಿಂದ, ಹಳೆ ರಿಪೋರ್ಟಿನಲ್ಲಿ ಏನಿದೆ, ದಿನಕ್ಕೆ ಎಷ್ಟು ಸಲ ಗೋಧಿ ತಿನ್ನುತ್ತಾರೆ ಅಂತ ಬರೆಯಿರಿ. ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು, ನಾವು ಮಾಡಿದ್ದೂ ಅದರಲ್ಲೇ. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಕಡ್ಡಾಯ. ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಬಗ್ಗೆ ಗೊತ್ತಿದ್ದರೆ ಅದೂ ಇರಲಿ.

ಅಕ್ಕ ತನ್ನ ಹಳೇ ಫೈಲು ಹುಡುಕಿ ತೆಗೆದಳು. ಪ್ಲಾಸ್ಟಿಕ್ ಕವರಿನಲ್ಲಿ ಹನ್ನೊಂದು ವರ್ಷದ ರಿಪೋರ್ಟುಗಳು. ಮೊದಲ ಬಸಿರಿನಿಂದ ಹಿಡಿದು ಹಿಮೋಗ್ಲೋಬಿನ್ 9.2, 8.7, 9.0, 8.9. ಪ್ರತಿಯೊಂದರ ಕೆಳಗೂ ಬೇರೆ ಬೇರೆ ಕೈಬರಹದಲ್ಲಿ ಒಂದೇ ಮಾತು: ಐರನ್ ಮಾತ್ರೆ ಮುಂದುವರಿಸಿ. ಒಂದೊಂದೇ ನೋಡಿದರೆ ಏನೂ ಅನಿಸುವುದಿಲ್ಲ, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಮಾಮೂಲು ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಹನ್ನೊಂದು ವರ್ಷದ್ದನ್ನು ನೆಲದ ಮೇಲೆ ಸಾಲಾಗಿ ಹರಡಿದಾಗ ಅಕ್ಕ ಸುಮ್ಮನೆ ಕೂತುಬಿಟ್ಟಳು. ಇಷ್ಟು ವರ್ಷ ಮಾತ್ರೆ ನುಂಗಿದ್ದಾಳೆ, ಅದು ಮೈಗೆ ಹತ್ತುತ್ತಿದೆಯಾ ಅಂತ ಯಾರೂ ಕೇಳಿಲ್ಲ.

ಹಾಳೆಯಲ್ಲಿ ಯಾವುದಕ್ಕೆ ತೂಕ ಜಾಸ್ತಿ ಅಂದರೆ, ಮಾತ್ರೆಗೆ ಜಗ್ಗದ ರಕ್ತಹೀನತೆ. ಮಗು ಎತ್ತರ, ತೂಕ ಎರಡರಲ್ಲೂ ಹಿಂದೆ ಬೀಳುವುದು, ಹುಡುಗಿಯರು ದೊಡ್ಡವರಾಗುವುದು ತಡವಾಗುವುದು. ವಾರಗಟ್ಟಲೆ ಬಿಡದ ಬೇಧಿ, ನೀರಿನ ಮೇಲೆ ತೇಲುವ ಎಣ್ಣೆ ಎಣ್ಣೆ ಮಲ, ಸುಮ್ಮನೆ ತೂಕ ಇಳಿಯುವುದು. ಚಿಕ್ಕ ವಯಸ್ಸಿಗೇ ಮೂಳೆ ಸವೆತ. ಮತ್ತೆ ಮತ್ತೆ ಬರುವ ಬಾಯಿಹುಣ್ಣು. ಕಾರಣ ಸಿಗದೆ ಲಿವರ್ ಟೆಸ್ಟ್ ಏರಿರುವುದು. ಹಲ್ಲಿನ ಮೇಲ್ಪದರದಲ್ಲಿ ಗೆರೆ, ಗುಳಿ, ಕಲೆ. ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಎರಡೂ ಬದಿ ವಿಪರೀತ ತುರಿಸುವ ಸಣ್ಣ ಗುಳ್ಳೆಗಳು ಇದ್ದರೆ ಅದು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಇರಬಹುದು. ಅದು ಸೀಲಿಯಾಕ್‌ನ ಚರ್ಮದ ರೂಪ. ಚರ್ಮದ ಡಾಕ್ಟರಿಗೆ ಈ ಹೆಸರನ್ನೇ ಹೇಳಿ ಕೇಳಿ.

ಮನೆಯಲ್ಲಿ ಯಾರಿಗಾದರೂ ಟೈಪ್ 1 ಸಕ್ಕರೆ ಕಾಯಿಲೆ, ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಹಾಶಿಮೋಟೊ, ಹುಟ್ಟಿನಿಂದಲೇ ಇರುವ ಡೌನ್ ಸಿಂಡ್ರೋಮ್ ಅಥವಾ ಟರ್ನರ್ ಸಿಂಡ್ರೋಮ್ ಇದ್ದರೆ ಅದನ್ನೂ ಬರೆಯಿರಿ. ಇವರಲ್ಲಿ ಸೀಲಿಯಾಕ್ ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ.

ತಲೆನೋವು, ಕೂದಲು ಉದುರುವುದು, ಗ್ಯಾಸ್, ಮಂಡಿನೋವು, ಮಧ್ಯಾಹ್ನ ನಿದ್ದೆ ಎಳೆಯುವುದು, ಇವು ಹಾಳೆಯಲ್ಲಿರಲಿ, ಆದರೆ ಇವಕ್ಕೆ ಸಾವಿರ ಕಾರಣ ಇರುತ್ತವೆ. ಇವನ್ನಷ್ಟೇ ನೋಡಿ ನಿರ್ಧಾರಕ್ಕೆ ಬರಬೇಡಿ.

ಇನ್ನೊಂದು, ಯಾವಾಗಿಂದ ಅನ್ನುವ ಕಾಲಂ ಬಹಳ ಮುಖ್ಯ. ಮನೆಮಂದಿಗೆಲ್ಲ ಒಂದೇ ತಿಂಗಳಲ್ಲಿ ಹೊಟ್ಟೆ ಕೆಟ್ಟಿದ್ದರೆ ಅದು ಜೀನ್ ಅಲ್ಲ, ಮೊದಲು ಕುಡಿಯುವ ನೀರು ನೋಡಿ. ಜಿಯಾರ್ಡಿಯಾ ಅನ್ನುವ ಪರಾವಲಂಬಿ ನೀರಿನಿಂದ ಮನೆಯವರಿಗೆಲ್ಲ ಹತ್ತಿ ಸೀಲಿಯಾಕ್ ಥರಾನೇ ಬೇಧಿ, ಉಬ್ಬರ, ತೂಕ ಇಳಿತ ತರುತ್ತದೆ. ಮಲ ಪರೀಕ್ಷೆಯಲ್ಲಿ ಹುಡುಕಬಹುದು, ಔಷಧಿಗೆ ಗುಣವಾಗುತ್ತದೆ. ಒಂದೇ ಮನೆಯವರು ಹಂಚಿಕೊಳ್ಳುವುದು ರಕ್ತವನ್ನಷ್ಟೇ ಅಲ್ಲ, ಒಂದೇ ನೀರು, ಒಂದೇ ಅಡುಗೆ ಕೂಡ. ಪೂರ್ತಿ ಸಸ್ಯಾಹಾರಿ ಮನೆಗಳಲ್ಲಿ ಎಲ್ಲರಿಗೂ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ, ಅದಕ್ಕೂ ಸೀಲಿಯಾಕ್‌ಗೂ ಸಂಬಂಧ ಇರಲೇಬೇಕು ಅಂತಿಲ್ಲ.

ಮಲದಲ್ಲಿ ರಕ್ತ, ಕಪ್ಪು ಮಲ, ಬಿಡದ ವಾಂತಿ, ಕಾಲು ಮುಖ ಊತ, ಮಗು ವಾರದಿಂದ ವಾರಕ್ಕೆ ಇಳಿಯುತ್ತಿರುವುದು ಕಂಡರೆ ಹಾಳೆ ಗೀಳೆ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ.

ರಕ್ತ ಪರೀಕ್ಷೆ: ಎರಡು ಹೆಸರು ನೆನಪಿಡಿ

ಟಿಟಿಜಿ ಐಜಿಎ. ಟೋಟಲ್ ಐಜಿಎ. ಈ ಎರಡನ್ನೂ ಒಟ್ಟಿಗೆ ಬರೆಸಿಕೊಳ್ಳಿ. ಮೊದಲನೆಯದು ಸೀಲಿಯಾಕ್‌ನಲ್ಲಿ ಏರುವ ಆಂಟಿಬಾಡಿ. ಎರಡನೆಯದು ನಿಮ್ಮ ದೇಹ ಐಜಿಎ ಅನ್ನುವ ಜಾತಿಯ ಆಂಟಿಬಾಡಿಯನ್ನು ಸಾಕಷ್ಟು ತಯಾರಿಸುತ್ತದಾ ಅಂತ ನೋಡುವುದು. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ ಐಜಿಎಯೇ ಇರುವುದಿಲ್ಲ. ಅಂಥವರಿಗೆ ಟಿಟಿಜಿ ಐಜಿಎ ಮಾಡಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರುತ್ತದೆ. ಅವರಿಗೆ ಐಜಿಜಿ ಜಾತಿಯ ಪರೀಕ್ಷೆ ಬೇಕು, ಟಿಟಿಜಿ ಐಜಿಜಿ ಅಥವಾ ಡಿಜಿಪಿ ಐಜಿಜಿ. ಅಮ್ಮನಿಗೆ ಮಾಡಿಸುವಾಗ ಲ್ಯಾಬಿನವರು ಬರೀ ಟಿಟಿಜಿ ಮಾಡಿ ನೆಗೆಟಿವ್ ಅಂತ ಕೊಟ್ಟರು. ಮತ್ತೆ ಹೋಗಿ ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಎಪ್ಪತ್ತರ ಹತ್ತಿರದ ಜೀವಕ್ಕೆ ಅದು ಬೇಕಿರಲಿಲ್ಲ. ಚೀಟಿಯಲ್ಲಿ ಎರಡೂ ಇದೆಯಾ ಅಂತ ಕೌಂಟರಿನಲ್ಲೇ ನೋಡಿಕೊಳ್ಳಿ. ಖಾಲಿ ಹೊಟ್ಟೆ ಬೇಕಾಗಿಲ್ಲ.

ಜೊತೆಗೆ ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣದ ಅಂಶ ಎಷ್ಟು ಕೂಡಿದೆ ಅಂತ ಹೇಳುವ ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಥೈರಾಯ್ಡ್ ನೋಡುವ ಟಿಎಸ್‌ಎಚ್, ಲಿವರ್ ಟೆಸ್ಟ್ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಸೀಲಿಯಾಕ್ ಅಲ್ಲ ಅಂತಾದರೆ ನಿಜವಾದ ಕಾರಣ ಹೆಚ್ಚಾಗಿ ಇವುಗಳಲ್ಲೇ ಸಿಗುತ್ತದೆ.

ಈಗ ಚಪಾತಿ ವಿಷಯ. ಗ್ಲುಟೆನ್ ಬಿಟ್ಟ ಮೇಲೆ ಆಂಟಿಬಾಡಿ ನಿಧಾನಕ್ಕೆ ಇಳಿಯುತ್ತದೆ, ಕರುಳೂ ನಿಧಾನಕ್ಕೆ ಚಿಗುರುತ್ತದೆ. ಅದು ಒಳ್ಳೆಯದೇ, ಆದರೆ ಪರೀಕ್ಷೆಗೆ ಮೊದಲೇ ಬಿಟ್ಟರೆ ಇರುವ ಕಾಯಿಲೆ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು. ನಮ್ಮ ತಮ್ಮ ಹಾಗೇ ಮಾಡಿದ. ಯಾವುದೋ ವಿಡಿಯೋ ನೋಡಿ ಗೋಧಿ ಬಿಟ್ಟ, ಹೊಟ್ಟೆ ಹಗುರಾಯಿತು ಅಂದ, ನಾಲ್ಕು ತಿಂಗಳಾದ ಮೇಲೆ ಟೆಸ್ಟ್ ಮಾಡಿಸಿದ, ನೆಗೆಟಿವ್ ಬಂತು. ಆ ನೆಗೆಟಿವ್‌ಗೆ ಬೆಲೆಯೇ ಇಲ್ಲ. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ದಿನವೂ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗೋಧಿ ಸೇರಿಸಿ ಕನಿಷ್ಠ ಆರು ವಾರ ತಿಂದು ಮತ್ತೆ ಪರೀಕ್ಷೆ ಮಾಡಿಸುವುದು. ಇನ್ನೊಂದು, ಜೀನ್ ಪರೀಕ್ಷೆ.

ಜೀನ್ ಪರೀಕ್ಷೆ ಅಂದರೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8. ಇದನ್ನು ಜನ ತುಂಬಾ ತಪ್ಪು ತಿಳಿಯುತ್ತಾರೆ. ಪಾಸಿಟಿವ್ ಬಂದರೆ ಕಾಯಿಲೆ ಇದೆ ಅಂತ ಅಲ್ಲ. ಮೇಲೆ ಹೇಳಿದೆನಲ್ಲ, ಮೂವರಲ್ಲಿ ಒಬ್ಬರಿಗೆ ಈ ಜೀನ್ ಇರುತ್ತದೆ, ಅವರಲ್ಲಿ ಬಹುಪಾಲು ಜನಕ್ಕೆ ಸೀಲಿಯಾಕ್ ಯಾವತ್ತೂ ಬರುವುದಿಲ್ಲ. ಇದರ ಉಪಯೋಗ ಇರುವುದು ನೆಗೆಟಿವ್ ಬಂದಾಗ. ಎರಡೂ ಇಲ್ಲ ಅಂದರೆ ಸೀಲಿಯಾಕ್ ಸಾಧ್ಯತೆ ಬಹುತೇಕ ಮುಗಿಯಿತು. ಗೋಧಿ ತಿನ್ನುತ್ತಿದ್ದರೂ ಬಿಟ್ಟಿದ್ದರೂ ಜೀನ್ ಬದಲಾಗುವುದಿಲ್ಲ, ಹಾಗಾಗಿ ತಮ್ಮನಿಗೆ ಇದೇ ಸರಿಹೋಯಿತು. ಎರಡೂ ಇರಲಿಲ್ಲ. ಆಮೇಲೆ ನೋಡಿದರೆ ಅವನಿಗೆ ಹಾಲು ಅರಗುತ್ತಿರಲಿಲ್ಲ. ಗೋಧಿ ಬಿಟ್ಟಾಗ ಬೇಕರಿಯ ಕ್ರೀಮು, ಕೇಕು, ಹಾಲಿನ ಸಿಹಿ ಎಲ್ಲ ತಾನಾಗೇ ಬಿಟ್ಟುಹೋಗಿತ್ತು. ಹಗುರಾಗಿದ್ದು ಅದಕ್ಕೆ. ಈಗ ಧಾರವಾಡಕ್ಕೆ ಬಂದಾಗ ಚಪಾತಿ ತಿನ್ನುತ್ತಾನೆ, ಪೇಡೆಗೆ ಮಾತ್ರ ಕೈ ಹಾಕುವುದಿಲ್ಲ.

ಇನ್ನೂರು ಆಹಾರಗಳಿಗೆ ಐಜಿಜಿ ನೋಡಿ ಯಾವುದು ನಿಮಗೆ ಆಗುವುದಿಲ್ಲ ಹೇಳುತ್ತೇವೆ ಅನ್ನುವ ದುಬಾರಿ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ. ಅದರಿಂದ ಸೀಲಿಯಾಕ್ ತಿಳಿಯುವುದಿಲ್ಲ.

ಯಾರಿಗೆಲ್ಲ ಮಾಡಿಸಬೇಕು

ಮನೆಯಲ್ಲಿ ಒಬ್ಬರಿಗೆ ಖಚಿತವಾಗಿದ್ದರೆ ಅವರ ಅಪ್ಪ ಅಮ್ಮ, ಅಣ್ಣ ತಮ್ಮ ಅಕ್ಕ ತಂಗಿ, ಮಕ್ಕಳು ಎಲ್ಲರೂ ಮಾಡಿಸಬೇಕು, ತೊಂದರೆ ಇಲ್ಲದಿದ್ದರೂ. ಇವರಲ್ಲಿ ಸುಮಾರು ಹತ್ತರಿಂದ ಹದಿನೈದು ಜನಕ್ಕೆ ಒಬ್ಬರಿಗಾದರೂ ಇರುವ ಸಂಭವ ಇದೆ. ಅಕ್ಕ ತಂಗಿ ಮತ್ತು ಹೆಣ್ಣುಮಕ್ಕಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಪುಟ್ಟಿಯಿಂದ ಅಕ್ಕ, ಭಾವ, ಪುಟ್ಟಿಯ ತಮ್ಮ. ಅಕ್ಕನಿಗೆ ಪಾಸಿಟಿವ್ ಬಂದ ಮೇಲೆ ಅಮ್ಮ, ನಾನು, ನಮ್ಮ ತಮ್ಮ. ಹೀಗೆ ಒಬ್ಬರಿಂದ ಒಬ್ಬರಿಗೆ ಸರಪಳಿ ಹಿಡಿದು ಹೋಗಬೇಕು.

ಯಾರಿಗೂ ಖಚಿತವಾಗಿಲ್ಲ, ಬರೀ ಅನುಮಾನ ಅಂದರೆ ಎಲ್ಲರನ್ನೂ ಒಟ್ಟಿಗೆ ಲ್ಯಾಬಿಗೆ ಕರೆದೊಯ್ಯಬೇಡಿ. ಹಾಳೆಯಲ್ಲಿ ಯಾರದು ಹೆಚ್ಚು ತೂಕದ ಲಕ್ಷಣವೋ ಅವರಿಗೆ ಮೊದಲು ಮಾಡಿಸಿ. ದುಡ್ಡೂ ಉಳಿಯುತ್ತದೆ, ಗೊಂದಲವೂ ಕಡಿಮೆ.

ಎಂಡೋಸ್ಕೋಪಿ ಅಂದರೆ ಹೆದರಬೇಡಿ

ದೊಡ್ಡವರಿಗೆ ರಕ್ತ ಪರೀಕ್ಷೆ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಮುಂದಿನದು ಎಂಡೋಸ್ಕೋಪಿ ಮತ್ತು ಬಯಾಪ್ಸಿ. ಬಯಾಪ್ಸಿ ಅಂದ ಕೂಡಲೇ ಅಮ್ಮ ಫೋನಿನಲ್ಲಿ ಅಳಲು ಶುರು ಮಾಡಿದರು, ಕ್ಯಾನ್ಸರ್ ಅಂದುಕೊಂಡು. ಅದಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಬೇಕಾದರೆ ಮಂಪರು ಕೊಟ್ಟು, ತೆಳು ಕೊಳವೆ ಇಳಿಸಿ ಸಣ್ಣ ಕರುಳಿನ ಆರಂಭದಿಂದ ಎಳ್ಳಿನ ಕಾಳಿನಷ್ಟು ಚೂರುಗಳನ್ನು ತೆಗೆಯುತ್ತಾರೆ. ಅಕ್ಕನದು ಹದಿನೈದು ನಿಮಿಷಕ್ಕೆ ಮುಗಿಯಿತು, ಸಂಜೆ ಮನೆಯಲ್ಲಿ ಗಂಜಿ ಕುಡಿದಳು.

ಮೊದಲೇ ಕೇಳಿಕೊಳ್ಳಬೇಕಾದದ್ದು ಒಂದಿದೆ. ಎಷ್ಟು ಚೂರು ತೆಗೆಯುತ್ತೀರಿ ಡಾಕ್ಟರೇ ಅಂತ. ಹಾನಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇರುತ್ತದೆ. ಅದಕ್ಕೆ ಸಣ್ಣ ಕರುಳಿನ ಆರಂಭದ ಭಾಗವಾದ ಡ್ಯುವೊಡಿನಮ್‌ನ ಎರಡನೇ ಭಾಗದಿಂದ ಕನಿಷ್ಠ ನಾಲ್ಕು, ಅದರ ಮೊದಲ ಭಾಗವಾದ ಬಲ್ಬ್‌ನಿಂದ ಒಂದೆರಡು ಬೇಕು. ಒಂದೇ ಚೂರು ತೆಗೆದು ನಾರ್ಮಲ್ ಅಂದರೆ ಸಾಲದು.

ಮಕ್ಕಳಿಗೆ ಕೆಲವೊಮ್ಮೆ ಇದು ಬೇಕಾಗುವುದೇ ಇಲ್ಲ. ಟಿಟಿಜಿ ಮಿತಿಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಮೇಲಿದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಇಎಂಎ ಅನ್ನುವ ಇನ್ನೊಂದು ಸೀಲಿಯಾಕ್ ಆಂಟಿಬಾಡಿ ಪರೀಕ್ಷೆಯೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೇ ಖಚಿತ ಮಾಡಬಹುದು ಅಂತ ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ನಿರ್ಧಾರ ಮಕ್ಕಳ ಹೊಟ್ಟೆ ತಜ್ಞರದ್ದು, ನಮ್ಮದಲ್ಲ.

ಇನ್ನು ಬಯಾಪ್ಸಿಯಲ್ಲಿ ಎಳೆಗಳು ಚಪ್ಪಟೆ ಅಂತ ಬಂದರೂ ಆಂಟಿಬಾಡಿ ನೆಗೆಟಿವ್ ಇದ್ದರೆ ದಕ್ಷಿಣದಲ್ಲಿ ಬೇರೆ ಕಾರಣ ಹುಡುಕಲೇಬೇಕು. ಟ್ರಾಪಿಕಲ್ ಸ್ಪ್ರೂ ಅನ್ನುವ ಬಿಸಿ ದೇಶಗಳ ಕರುಳಿನ ಕಾಯಿಲೆ, ಜಿಯಾರ್ಡಿಯಾ, ಕೆಲವು ಮಾತ್ರೆಗಳು ಕೂಡ ಕರುಳನ್ನು ಹಾಗೇ ಮಾಡುತ್ತವೆ. ಟ್ರಾಪಿಕಲ್ ಸ್ಪ್ರೂಗೆ ಆಂಟಿಬಯೋಟಿಕ್ ಮತ್ತು ಫೋಲೇಟ್ ಕೊಡುತ್ತಾರೆ, ಜೀವನಪೂರ್ತಿ ಗೋಧಿ ಬಿಡುವ ಅಗತ್ಯ ಇಲ್ಲ. ಸುಮ್ನೆ ಸೀಲಿಯಾಕ್ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ.

ಬಿಟ್ಟು ನೋಡಿದರೆ ಗೊತ್ತಾಗಲ್ವಾ?

ಎಲ್ಲರೂ ಕೇಳುವುದು ಇದನ್ನೇ. ಇದರ ಹಿಂದೆ ಒಂದು ಚರಿತ್ರೆಯೂ ಇದೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಹಾಲೆಂಡಿನಲ್ಲಿ ಬರ ಬಿತ್ತು, ಬ್ರೆಡ್ ಸಿಗಲಿಲ್ಲ. ವಿಲೆಮ್ ಡಿಕ್ಕೆ ಅನ್ನುವ ಮಕ್ಕಳ ಡಾಕ್ಟರಿಗೆ ಅದಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನ ಇತ್ತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಕೆಡಲಿಲ್ಲ, ಬ್ರೆಡ್ ಮತ್ತೆ ಬಂದಾಗ ಕೆಟ್ಟರು. 1950ರಲ್ಲಿ ಅವರು ಇದರ ಮೇಲೆ ಪ್ರಬಂಧ ಮಂಡಿಸಿದರು. ಆಗ ಈ ರಕ್ತ ಪರೀಕ್ಷೆ ಇರಲಿಲ್ಲ, ಬಿಟ್ಟು ನೋಡುವುದೊಂದೇ ದಾರಿ. ಈಗ ಪರೀಕ್ಷೆ ಇದೆ. ಬಿಟ್ಟಾಗ ಹಗುರಾಯಿತು ಅನ್ನುವುದು ನಮ್ಮ ತಮ್ಮನ ಥರಾ ಬೇರೆ ಕಾರಣಕ್ಕೂ ಇರಬಹುದು. ಮತ್ತು ಸೀಲಿಯಾಕ್ ಆದರೆ ಬಿಡಬೇಕಾದದ್ದು ಜೀವಮಾನಕ್ಕೆ, ಒಂದು ಚೂರೂ ಇಲ್ಲದ ಹಾಗೆ. ಹಬ್ಬ, ಮದುವೆ, ಪ್ರಯಾಣ ಎಲ್ಲದರಲ್ಲೂ. ಅಷ್ಟು ದೊಡ್ಡ ವ್ರತವನ್ನು ಅನುಮಾನದ ಮೇಲೆ ಮಗುವಿಗೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಖಚಿತವಾದರೆ ಅಡುಗೆಮನೆ

ಸಮಾಧಾನದ ಸುದ್ದಿ ಅಂದರೆ ನಮ್ಮ ಹಳೆಯ ಊಟದ ಬಹುಪಾಲು ಹಾಗೇ ಉಳಿಯುತ್ತದೆ. ಅನ್ನ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಬೇಳೆ ಕಾಳು, ಅವಲಕ್ಕಿ, ಮಂಡಕ್ಕಿ, ಇಡ್ಲಿ, ನೀರ್ ದೋಸೆ, ಅಕ್ಕಿ ರೊಟ್ಟಿ, ಹಾಲು, ಮೊಸರು, ತರಕಾರಿ, ಮೊಟ್ಟೆ, ಮೀನು, ಮಾಂಸ ಯಾವುದರಲ್ಲೂ ಗ್ಲುಟೆನ್ ಇಲ್ಲ.

ಹೋಗುವುದು ಗೋಧಿ ಹಿಟ್ಟು, ಮೈದಾ, ರವೆ, ಶಾವಿಗೆ. ಅಂದರೆ ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ಮದ್ದೂರು ವಡೆ, ಗೋಳಿಬಜೆ, ಬನ್ಸ್, ಮೈದಾ ಕಣಕದ ಹೋಳಿಗೆ, ಗೋಧಿ ಹುಗ್ಗಿ, ಮಾದಲಿ. ಇಡ್ಲಿ ರವೆ ಅಕ್ಕಿಯದು, ಅದು ಬೇರೆ. ಖಪ್ಲಿ ಗೋಧಿ ಹಳೆ ತಳಿ, ಅದು ಆಗುತ್ತೆ ಅಂತ ಊರಲ್ಲಿ ಹೇಳುತ್ತಾರೆ. ಆಗುವುದಿಲ್ಲ, ಅದೂ ಗೋಧಿಯೇ. ಹಾರ್ಲಿಕ್ಸ್‌ನಂಥ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ, ಬಿಯರಿನಲ್ಲೂ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಅಕ್ಕ ಎಲ್ಲ ಬಿಟ್ಟರೂ ಆರು ತಿಂಗಳಾದ ಮೇಲೆ ಟಿಟಿಜಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ನಾನು ಹೋದಾಗ ಇಬ್ಬರೂ ಕೂತು ಅಡುಗೆಮನೆಯ ಒಂದೊಂದೇ ಡಬ್ಬಿ ಇಳಿಸಿ ಲೇಬಲ್ ಓದಿದೆವು. ಹಿಂಗಿನ ಡಬ್ಬಿ ಹೆಬ್ಬೆರಳಿನಷ್ಟು, ಅಕ್ಷರ ಸಾಸಿವೆಗಿಂತ ಸಣ್ಣ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಮೊದಲ ಸಾಲಿನಲ್ಲೇ ಗೋಧಿ ಹಿಟ್ಟು ಅಂತ ಇದೆ. ದಿನಾ ಸಾರಿಗೆ, ಪಲ್ಯದ ಒಗ್ಗರಣೆಗೆ, ಮಜ್ಜಿಗೆಗೆ ಬೀಳುತ್ತಿತ್ತು. ಅಂಗಡಿಯ ಪುಡಿ ಹಿಂಗು ಬಹಳಷ್ಟು ಹೀಗೇ, ಗೋಧಿ ಹಿಟ್ಟೋ ಮೈದಾವೋ ಬೆರೆಸಿಯೇ ಮಾಡುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದು ಸಿಗುತ್ತದೆ, ಲೇಬಲ್ ನೋಡಿ ತನ್ನಿ. ಅಂಗಡಿಯ ಸಾರಿನ ಪುಡಿ, ಸಾಂಬಾರು ಪುಡಿ, ಉಪ್ಪಿನಕಾಯಿಯಲ್ಲೂ ಅದೇ ಹಿಂಗು ಇರಬಹುದು.

ಇನ್ನೊಂದು ಗಿರಣಿ. ರಾಗಿ, ಜೋಳ ಬೀಸಿಸುವ ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿರುತ್ತಾರೆ, ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ರಾಗಿಗೆ ಬರುತ್ತದೆ. ಇಷ್ಟೇ ಇಷ್ಟು ಅಂತ ನಮಗೆ ಅನಿಸುತ್ತದೆ, ಕರುಳಿಗೆ ಅದೇ ಸಾಕು. ಮನೆಯಲ್ಲೇ ಬೀಸಿಕೊಳ್ಳುವ ಯಂತ್ರ ಇದ್ದರೆ ಒಳ್ಳೆಯದು. ಇಲ್ಲವಾದರೆ ಪರೀಕ್ಷೆ ಮಾಡಿದ ಗ್ಲುಟೆನ್ ಇಲ್ಲದ ಪ್ಯಾಕೆಟ್ ಹಿಟ್ಟು. ಆ ಹೆಸರು ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಅನ್ನುವುದು ನಮ್ಮ ದೇಶದ ನಿಯಮವೂ ಹೌದು. ಓಟ್ಸ್ ಕೂಡ ಹೀಗೇ ಬೆರಕೆ ಆಗಿರುತ್ತದೆ, ಡಾಕ್ಟರನ್ನು ಕೇಳದೆ ಕೊಡಬೇಡಿ.

ಲಟ್ಟಣಿಗೆ, ಮಣೆ, ತವಾ, ಹಿಟ್ಟಿನ ಜರಡಿ ಬೇರೆಯೇ ಇರಲಿ. ಹಪ್ಪಳ, ಬೋಂಡಾ ಕರಿದ ಎಣ್ಣೆಯಲ್ಲಿ ಮೈದಾ ತಿಂಡಿಯನ್ನೂ ಕರಿದಿದ್ದರೆ ಆ ಎಣ್ಣೆ ಬೇಡ. ಹೋಟೆಲಿನ ದೋಸೆ ಗರಿಗರಿ ಆಗಲಿ ಅಂತ ಕೆಲವರು ಚಿರೋಟಿ ರವೆ ಸೇರಿಸುತ್ತಾರೆ, ಕೇಳಿ ತಿನ್ನಿ. ಸತ್ಯನಾರಾಯಣ ಪೂಜೆಯ ಪ್ರಸಾದವೂ ರವೆಯದೇ. ಅಕ್ಕ ಈಗ ಪುಟ್ಟಿಗೆ ಬಾಳೆಹಣ್ಣು, ಕಲ್ಲುಸಕ್ಕರೆ ಕೇಳಿ ಪಡೆಯುತ್ತಾಳೆ, ಯಾವ ಪುರೋಹಿತರೂ ಇಲ್ಲ ಅಂದಿಲ್ಲ. ಮಗುವಿಗೆ ಬಾಯಿಪಾಠ ಮಾಡಿಸಿದ್ದು ಒಂದೇ ಮಾತು: ನಂಗೆ ಗೋಧಿ ಆಗಲ್ಲ ಅಜ್ಜಿ, ಅನ್ನ ಕೊಡಿ.

ನೆಗೆಟಿವ್ ಬಂದವರನ್ನು ಮರೆಯಬೇಡಿ

ಅಮ್ಮನಿಗೆ ಸೀಲಿಯಾಕ್ ಇಲ್ಲ. ಅವರ ಜುಮ್ಮು ಬಿ12ದು, ಇಂಜೆಕ್ಷನ್ ಶುರುವಾದ ಮೇಲೆ ಸೂಜಿಗೆ ದಾರ ತಾವೇ ಪೋಣಿಸುತ್ತಾರೆ. ನನಗೂ ಇಲ್ಲ. ನನ್ನ ಫೆರಿಟಿನ್ ಕಡಿಮೆ ಇದ್ದದ್ದು ಮುಟ್ಟಿನ ರಕ್ತಸ್ರಾವ ಜಾಸ್ತಿ ಆಗುತ್ತಿದ್ದುದಕ್ಕೆ, ಅದಕ್ಕೆ ಬೇರೆ ಚಿಕಿತ್ಸೆ. ಭಾವನಿಗೂ ಇಲ್ಲ. ಆರು ದೊಡ್ಡವರು ಚಿಕ್ಕವರ ಹಾಳೆಯಲ್ಲಿ ಹೊಸದಾಗಿ ಸಿಕ್ಕಿದ್ದು ಅಕ್ಕ ಒಬ್ಬಳೇ. ಎರಡು ಸಲ ಮಗು ಹೋದದ್ದು ಇದರಿಂದಲೇ ಅಂತ ಯಾವ ಡಾಕ್ಟರೂ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಆದರೆ ಹನ್ನೊಂದು ವರ್ಷ ಮೇಲೇರದ ಹಿಮೋಗ್ಲೋಬಿನ್ ಒಂದೂವರೆ ವರ್ಷದಲ್ಲಿ 12.1 ಆಯಿತು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಖಚಿತವಾದರೆ ಇನ್ನೊಂದು ವಿಷಯ: ಕರುಳು ಚಿಗುರಿದ ಹಾಗೆ ಮಾತ್ರೆಯೂ ಹೆಚ್ಚು ಹೀರಲ್ಪಡಬಹುದು, ಡೋಸ್ ಮತ್ತೆ ನೋಡಿಸಿ.

ಪುಟ್ಟಿಯ ತಮ್ಮನದು ಮಾತ್ರ ಇನ್ನೂ ಮುಗಿದಿಲ್ಲ. ಅವನಿಗೆ ಆಗ ಐದು ವರ್ಷ, ಟಿಟಿಜಿ ನೆಗೆಟಿವ್, ಆದರೆ ಜೀನ್ ಇದೆ. ಇವತ್ತು ಇಲ್ಲ ಅಂದರೆ ಮುಂದೂ ಬರುವುದಿಲ್ಲ ಅಂತ ಅಲ್ಲ. ಅದಕ್ಕೆ ಅವನು ಚಪಾತಿ ತಿನ್ನುತ್ತಲೇ ಇದ್ದಾನೆ, ಅವನ ತವಾ ಬೇರೆ, ಪುಟ್ಟಿಯ ತವಾ ಬೇರೆ. ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಅಂತ ಡಾಕ್ಟರ್ ಹೇಳಿದ್ದಾರೆ. ಮುಂದಿನದು ಬರುವ ದೀಪಾವಳಿ ಆದಮೇಲೆ, ಅಕ್ಕ ಫ್ರಿಜ್ಜಿನ ಬಾಗಿಲ ಮೇಲೆ ಬರೆದಿಟ್ಟಿದ್ದಾಳೆ.